ಲೆಕ್ಕದ ಪುಸ್ತಕದಲ್ಲಿ ನಾಲ್ಕು ಸಾಲು

ಸೋದರಿಯರೇ, ನೀವೆಲ್ಲ ದಿನಾ ಹಾಲಿನ ಲೆಕ್ಕ ಬರೆದಿಡುತ್ತೀರಿ, ಅಲ್ಲವೇ? ಅದರ ಪಕ್ಕದಲ್ಲೇ ನಾಲ್ಕು ಸಾಲಿನ ಹಾಡೊಂದನ್ನೂ ಬರೆದಿಡಿ ಅಂದ್ರೆ ನಗಬೇಡಿ. ನಾನು ಬರೆಯುತ್ತೇನೆ. ಎಸ್.ಎಸ್.ಎಲ್.ಸಿ. ಓದಿದವಳಿಗೆ ಕವಿತೆ ಯಾತಕ್ಕೆ ಅಂತ ಮನೆಯವರೇ ಕೇಳಿದ್ದುಂಟು. ಇದಕ್ಕೆ ಪದವಿ ಬೇಡ, ಕಣ್ಣು ತೆರೆದಿದ್ದರೆ ಸಾಕು. ಇಗೋ, ಒಂದು ದಿನದ್ದು:

ಮೂರು ಸಲ ಕೂಗಿತು ನಮ್ಮನೆ ಕುಕ್ಕರು,
ಆರಿಸಲು ಏಳಲಿಲ್ಲ ಒಬ್ಬರೂ;
ನಾಲ್ಕನೇ ಕೂಗಿಗೆ ಅನ್ನ ಮುದ್ದೆಯಾಯ್ತು,
ಬೈಯಲು ಬಂದರು ಎಲ್ಲರೂ!

ಇದೇನೂ ಹೊಸ ಹುಚ್ಚಲ್ಲ. ನಮ್ಮ ಅಜ್ಜಿಯರು ರಾಗಿ ಬೀಸುತ್ತಾ ಮೂರು ಸಾಲಿನ ತ್ರಿಪದಿ ಕಟ್ಟಿದವರು. ತವರು, ಅಣ್ಣ, ಅತ್ತೆಮನೆ, ಮಳೆ, ಎತ್ತು ಎಲ್ಲವೂ ಅದರಲ್ಲಿ ಬಂತು. ಬೀಸುವ ಕಲ್ಲು ಹೋಯಿತು, ಜೊತೆಗೆ ಹಾಡೂ ಹೋಯಿತು. ಇನ್ನು ನಾಲ್ಕು ಸಾಲಿನ ಚುಟುಕವನ್ನು ಮನೆಮನೆಗೆ ಮುಟ್ಟಿಸಿದವರು ಅಂಕೋಲೆಯ ಕಡೆಯ ದಿನಕರ ದೇಸಾಯಿಯವರು (1909–1982). ರೈತರ ಪರವಾಗಿ ಹೋರಾಡಿ, ಲೋಕಸಭೆಗೂ ಹೋಗಿಬಂದ ಅವರು, ಕಂಡದ್ದನ್ನೆಲ್ಲಾ ಚೌಪದಿ ಮಾಡಿದರು. ಹಳೆಯ ಕವಿಗಳು ಸಾಲಿನ ಎರಡನೆಯ ಅಕ್ಷರಕ್ಕೆ ಪ್ರಾಸ ಹೊಂದಿಸುತ್ತಿದ್ದರು, ಅದು ಕಷ್ಟ. ಚುಟುಕದಲ್ಲಿ ಸಾಲಿನ ಕೊನೆಗೆ ಹೊಂದಿಸಿದರೆ ಆಯ್ತು. ನಾಲ್ಕನೆಯ ಸಾಲು ಮಾತ್ರ ಒಗ್ಗರಣೆಯ ಹಾಗೆ, ಚಟಪಟ ಅನ್ನಬೇಕು.

ನಮ್ಮ ಮಿರ್ಲೆಯಂಥ ಊರಿನಲ್ಲಿ ವಸ್ತುವಿಗೇನು ಬರ? ಭತ್ತದ ನಾಟಿ, ಚುಂಚನಕಟ್ಟೆ ಜಾತ್ರೆಯ ಎತ್ತು, ತಪ್ಪಿಹೋದ ಬಸ್ಸು. ಇವೆಲ್ಲಕ್ಕಿಂತ ಗಲಾಟೆಯದ್ದು ಕ್ರಿಕೆಟ್ಟು. 2025ರ ಜೂನ್ 3ರ ರಾತ್ರಿ ಅಹಮದಾಬಾದಿನಲ್ಲಿ ನಮ್ಮ ಬೆಂಗಳೂರು ತಂಡ ಪಂಜಾಬನ್ನು 6 ರನ್ನುಗಳಿಂದ ಸೋಲಿಸಿ ಮೊದಲ ಸಲ ಐಪಿಎಲ್ ಕಪ್ಪು ಗೆದ್ದಿತಲ್ಲ, ಅವತ್ತು ಬರೆದದ್ದು:

ಹದಿನೆಂಟು ವರ್ಷ ಕಾದೆವು ಕಪ್ಪಿಗೆ,
ಬಂದದ್ದು ಆರೇ ರನ್ನಿನಲಿ;
ಹಾಲುಕ್ಕಿ ಹರಿದರೂ ಯಾರೂ ಕಾಣರು,
ಕಣ್ಣೆಲ್ಲ ಟೀವಿಯ ಪರದೆಯಲಿ!

ಮಾರನೆಯ ದಿನ, ಜೂನ್ 4ರಂದು, ಏನಾಯಿತೆಂದು ನಿಮಗೂ ಗೊತ್ತು. ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ, ವಿಜಯೋತ್ಸವ ನೋಡಲು ಸೇರಿದ ಜನಸಾಗರದಲ್ಲಿ ಕಾಲ್ತುಳಿತವಾಗಿ 11 ಮಂದಿ ತೀರಿಕೊಂಡರು. ನಮ್ಮ ಕಡೆಯ ಎಷ್ಟೋ ಮಕ್ಕಳು ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾರೆ. ಅವತ್ತು ಸಂಜೆ ತಾಯಂದಿರ ಕೈಯಲ್ಲಿ ಫೋನು ನಡುಗುತ್ತಿತ್ತು. ರಾತ್ರಿ ಲೆಕ್ಕದ ಪುಸ್ತಕ ತೆಗೆದಾಗ ಇಷ್ಟೇ ಬಂತು:

ಹನ್ನೊಂದು ಮನೆಯಲ್ಲಿ ಇಂದು
ತಟ್ಟೆ ಕಾಯುತ್ತ ಕೂತಿದೆ.

ಪ್ರಾಸ ಹುಡುಕಲಿಲ್ಲ. ಎರಡೇ ಸಾಲಿಗೆ ನಿಲ್ಲಿಸಿದೆ. ಅಂಥ ದಿನಕ್ಕೆ ಒಗ್ಗರಣೆ ಹಾಕುವುದು ಹೇಗೆ? ಹಿಂದಿನ ದಿನದ ತಮಾಷೆ ಹಾಡನ್ನು ಹರಿದುಹಾಕು ಅಂದಳು ಮಗಳು. ಹರಿಯಲಿಲ್ಲ. ಆ ನಗುವೂ ನಿಜ, ಈ ಅಳುವೂ ನಿಜ. ಆ ಹನ್ನೊಂದು ಮಂದಿಯೂ ಹಿಂದಿನ ರಾತ್ರಿ ನಮ್ಮ ಹಾಗೇ ಟೀವಿ ಮುಂದೆ ಕುಣಿದಿರಬೇಕು. ಅದನ್ನು ಅಳಿಸಿದರೆ ಅವರ ಸಂತೋಷವನ್ನೇ ಅಳಿಸಿದಂತೆ ಅನ್ನಿಸಿತು. ಎರಡು ಪುಟವೂ ಎದುರುಬದುರು ಹಾಗೇ ಇವೆ.

ಆಮೇಲೆ ಕೆಲವು ದಿನ ಬರೀ ಹಾಲಿನ ಲೆಕ್ಕ. ಮೆಲ್ಲಗೆ ಕುಕ್ಕರು ಬಂತು, ಬಸ್ಸು ಬಂತು. ನವೆಂಬರ್ 2ರಂದು ನವಿ ಮುಂಬಯಿಯಲ್ಲಿ ನಮ್ಮ ಹೆಣ್ಣುಮಕ್ಕಳು ದಕ್ಷಿಣ ಆಫ್ರಿಕಾವನ್ನು 52 ರನ್ನುಗಳಿಂದ ಸೋಲಿಸಿ ಮೊದಲ ಬಾರಿಗೆ ವಿಶ್ವಕಪ್ಪು ಗೆದ್ದಾಗ ನಗುವೂ ಬಂತು:

ಮಗನಿಗೆ ಬ್ಯಾಟು, ಮಗಳಿಗೆ ಸೌಟು
ಅಂದಿತ್ತು ಲೋಕವು ನಿನ್ನೆ;
ಹೆಣ್ಮಕ್ಕಳು ತಂದರು ವಿಶ್ವಕಪ್ಪು,
ಮಗನೇ, ಬಾಣಲೆಗೆ ಹಾಕು ಎಣ್ಣೆ!

ನೀವೂ ಶುರು ಮಾಡಿ. ಕೆಳಗೆ ತಾರೀಖು ಹಾಕುವುದನ್ನು ಮರೆಯಬೇಡಿ. ಇನ್ನೊಬ್ಬರ ನೋವಿನ ಮೇಲೆ ಪ್ರಾಸ ಕಟ್ಟಬೇಡಿ, ನಗಿಸುವುದಾದರೆ ನಿಮ್ಮನ್ನೇ ಮೊದಲು ನಗಿಸಿಕೊಳ್ಳಿ. ಬಾರದ ದಿನ ಸಾಲು ಖಾಲಿ ಬಿಡಿ. ವರ್ಷದ ಕೊನೆಗೆ ತಿರುವಿ ನೋಡಿದರೆ ಆ ಖಾಲಿ ಸಾಲಿಗೂ ಅರ್ಥವಿರುತ್ತದೆ.