ರವಿವಾರದ ಬಸ್ಸು, ಮೂರು ಊರು, ಒಂದು ಗಂಟು ಚಂದಮಾಮ

ಹುಕ್ಕೇರಿಯ ಬಸ್ ನಿಲ್ದಾಣದಲ್ಲಿ ಶ್ರಾವಣದ ಒಂದು ರವಿವಾರ ಬೆಳಿಗ್ಗೆ ಎಂಟಕ್ಕೆ ನಿಂತಿದ್ದ ಆ ಸಂಸಾರದಲ್ಲಿ ನಾಲ್ಕೇ ಜನ. ತಂದೆಗೆ ಪೇಟೆಯಲ್ಲಿ ಮೋಟಾರು ವೈಂಡಿಂಗ್ ಅಂಗಡಿ. ತಾಯಿ ಮನೆಯಲ್ಲಿಯೇ ಬಟ್ಟೆ ಹೊಲಿಯುವವಳು. ಮಗಳು ನಾಲ್ಕನೆಯ ಇಯತ್ತೆ, ಇಂಗ್ಲಿಷ್ ಮಾಧ್ಯಮ. ಮಗನಿಗೆ ಐದು ವರ್ಷ. ಅವನ ಮಾಧ್ಯಮ ಸದ್ಯಕ್ಕೆ ಅಳು ಮತ್ತು ನಗು. ಕೈಚೀಲದಲ್ಲಿ ರೊಟ್ಟಿ, ಶೇಂಗಾ ಹಿಂಡಿ, ನೀರಿನ ಬಾಟಲಿ ಮತ್ತು ಎರಡು ಪುಸ್ತಕ.

ಹೊರಟದ್ದು ಮೂಡಲಗಿ ತಾಲ್ಲೂಕಿನ ಹೊಳೆದಂಡೆಯ ಒಂದು ಹಳ್ಳಿಗೆ, ಆಯಿಯ ಮನೆಗೆ. ಆಯಿಯ ಎರಡೂ ಕಣ್ಣಿಗೆ ಪೊರೆ ಬಂದಿದೆ. ಶಸ್ತ್ರಚಿಕಿತ್ಸೆಗೆ ದಿನ ಗೊತ್ತಾಗಿದೆ. ಅದಕ್ಕೆ ಮೊದಲು ಮೊಮ್ಮಗಳ ಬಾಯಿಂದ ಒಂದು ಕಥೆ ಓದಿಸಿ ಕೇಳಬೇಕೆಂದು ಅವಳು ಫೋನಿನಲ್ಲಿ ಹೇಳಿದ್ದಳು. ಕೇಳಲಿಕ್ಕೆ ಇದು ಸಣ್ಣ ಆಸೆ. ಆದರೆ ಹುಕ್ಕೇರಿಯ ಮನೆಯಲ್ಲಿ ಮೂರು ದಿನ ಇದರದೇ ಮಾತು. ಹುಡುಗಿಗೆ ಕನ್ನಡ ಓದಲು ಬರುತ್ತದೆಯೇ?

ಬರುತ್ತದೆ, ಆದರೆ ಒಂದೊಂದೇ ಅಕ್ಷರವಾಗಿ. ಒತ್ತಕ್ಷರ ಬಂದರೆ ಬಂಡಿ ನಿಂತುಬಿಡುತ್ತದೆ. ವಾಕ್ಯದ ಕೊನೆ ಮುಟ್ಟುವ ಹೊತ್ತಿಗೆ ಮೊದಲಿನ ಶಬ್ದ ಮರೆತಿರುತ್ತದೆ. ಇದರಲ್ಲಿ ದಡ್ಡತನವೇನೂ ಇಲ್ಲ. ಅಕ್ಷರ ಗುರುತಿಸುವುದಕ್ಕೇ ಮನಸ್ಸಿನ ಶಕ್ತಿಯೆಲ್ಲ ಖರ್ಚಾದರೆ ಅರ್ಥಕ್ಕೆ ಏನೂ ಉಳಿಯುವುದಿಲ್ಲ. ಸೈಕಲ್ ಕಲಿಯುವವನು ಪೆಡಲನ್ನೇ ನೋಡುತ್ತಿದ್ದರೆ ರಸ್ತೆ ಕಾಣುವುದೆಲ್ಲಿಂದ? ಮದ್ದು ಒಂದೇ, ರೂಢಿ. ಆ ರೂಢಿಗೆಂದೇ ತಾಯಿ ಈ ವರ್ಷ ಅನುಪಮಾ ನಿರಂಜನರ ‘ದಿನಕ್ಕೊಂದು ಕಥೆ’ಯನ್ನು ತರಿಸಿದ್ದಾಳೆ. ಹನ್ನೆರಡು ಸಂಪುಟ, ತಿಂಗಳಿಗೊಂದು. ವರ್ಷದ ಪ್ರತಿ ದಿನಕ್ಕೂ ಒಂದೊಂದು ಕಥೆ. ರಾತ್ರಿ ಊಟವಾದ ಮೇಲೆ ಹೊಲಿಗೆ ಯಂತ್ರದ ಮೇಲೆ ಬಟ್ಟೆ ಹೊದಿಸಿ ಅವಳು ಓದುತ್ತಾಳೆ. ಅರ್ಧಕ್ಕೆ ಬಂದಾಗ ಪುಸ್ತಕ ಮಗಳ ಕೈಗೆ. ಮಗ ಚಿತ್ರ ನೋಡಲು ನಡುವೆ ತಲೆ ತೂರಿಸುತ್ತಾನೆ. ಎಲ್ಲರಿಗಿಂತ ಮೊದಲು ನಿದ್ದೆ ಹೋಗುವವನು ತಂದೆ. ಕೆಲವು ದಿನ ಗಿರಾಕಿಯ ಬ್ಲೌಸು ಮುಗಿಯಬೇಕಿರುತ್ತದೆ, ಕಥೆ ತಪ್ಪುತ್ತದೆ. ಆಗ ಮರುದಿನ ಎರಡು ಓದಬೇಕೆಂದು ಮಗನ ಹಟ. ಹೀಗಾಗಿ ಆ ಮನೆಯ ಕ್ಯಾಲೆಂಡರು ಸದಾ ನಾಲ್ಕೈದು ದಿನ ಹಿಂದೆ.

ಬಸ್ಸು ಹೊರಟಿತು. ಹುಕ್ಕೇರಿ ಹಿಂದೊಮ್ಮೆ ‘ಹೂವಿನ ಕೇರಿ’ ಆಗಿತ್ತೆಂದೂ ಇಲ್ಲಿಯ ಗುಲಾಬಿ ವಿಜಾಪುರದ ಸುಲ್ತಾನರಿಗೆ ಹೋಗುತ್ತಿತ್ತೆಂದೂ ಹೇಳುತ್ತಾರೆ. ಆದಿಲಶಾಹಿ ಕಾಲದ ಗುಮ್ಮಟಗಳು ಮಾತ್ರ ಈಗಲೂ ನಿಂತಿವೆ. ಊರಿನವರಿಗೆ ಅವು ದಿನಾ ಕಾಣುವುದರಿಂದ ಕಾಣುವುದೇ ಇಲ್ಲ. ಇದೇ ತಾಲ್ಲೂಕಿನ ಹಿಡಕಲ್‌ನಲ್ಲಿ ಘಟಪ್ರಭೆಗೆ ಕಟ್ಟಿದ ಅಣೆಕಟ್ಟು ಇದೆ. ರಾಜಾ ಲಖಮಗೌಡ ಜಲಾಶಯವೆಂದು ಹೆಸರು. ಹಿಡಿಯುವ ನೀರು ಸುಮಾರು 51 ಟಿಎಂಸಿ. ಹುಕ್ಕೇರಿಯ ಮಳೆಗಾಲದ ಸುದ್ದಿ ಗೋಕಾಕ, ಮೂಡಲಗಿಯವರಿಗೆ ಮುಟ್ಟುವುದು ಈ ನೀರಿನ ಮೂಲಕವೇ. ಆ ಮಾತು ಮುಂದೆ ಬರುತ್ತದೆ.

ಘಟಪ್ರಭಾ ಬಂದಾಗ ಹುಡುಗಿ ಕಿಟಕಿಗೆ ಅಂಟಿಕೊಂಡಳು. ಮೀರಜ–ಲೋಂಡಾ ದಾರಿಯ ಈ ರೈಲು ನಿಲ್ದಾಣ ಅವಳಿಗೆ ಹೊಸದೇನಲ್ಲ. ಆದರೆ ಕಳೆದ ತಿಂಗಳು ಅವಳು ಓದಿಸಿಕೊಂಡ ಪುಸ್ತಕ ‘ತೊತ್ತೊ-ಚಾನ್’. ಜಪಾನಿನ ತೆತ್ಸುಕೊ ಕುರೊಯಾನಗಿ ತನ್ನ ಬಾಲ್ಯವನ್ನು ಕುರಿತು ಬರೆದದ್ದು, 1981ರಲ್ಲಿ ಪ್ರಕಟವಾದದ್ದು. ಅದರಲ್ಲಿಯ ಶಾಲೆಗೆ ಕೋಣೆಗಳಿಲ್ಲ, ಹಳೆಯ ರೈಲು ಡಬ್ಬಿಗಳೇ ತರಗತಿ. ಅಂದಿನಿಂದ ನಿಂತ ಗಾಡಿ ಎಲ್ಲಿ ಕಂಡರೂ ‘ಇದು ಎಷ್ಟನೇ ಕ್ಲಾಸು?’ ಎಂದು ತಮ್ಮನನ್ನು ಕೇಳುತ್ತಾಳೆ. ಅಂದು ಗೂಡ್ಸ್ ಗಾಡಿ ನಿಂತಿತ್ತು. ಆ ಶಾಲೆ ಯುದ್ಧಕಾಲದ ಬಾಂಬಿಗೆ ಸುಟ್ಟುಹೋಯಿತೆಂಬ ಭಾಗವನ್ನು ತಾಯಿ ಮೆಲ್ಲಗೆ ಓದಿದ್ದಳು. ಹುಡುಗಿ ಎರಡು ದಿನ ಆ ಪುಸ್ತಕ ಮುಟ್ಟಿರಲಿಲ್ಲ.

ಹೊಳೆಯ ಬದಿಗೆ ಘೋಡಗೇರಿ. “ಚಂದ್ರಶೇಖರ ಕಂಬಾರರ ಊರು ನೋಡು” ಎಂದಳು ತಾಯಿ. 1937ರಲ್ಲಿ ಈ ಹಳ್ಳಿಯಲ್ಲಿ ಹುಟ್ಟಿದ ಕಂಬಾರರಿಗೆ 2010ನೆಯ ಸಾಲಿನ ಜ್ಞಾನಪೀಠ ಬಂತು. ಅವರ ‘ಹೇಳತೇನ ಕೇಳ’ ಎಂಬ ಕೃತಿಯ ಹೆಸರೇ ಈ ಭಾಗದ ಮಾತು. ‘ಹೇಳುತ್ತೇನೆ ಕೇಳು’ ಅಲ್ಲ. ಮನೆಯಲ್ಲಿ ಆಡುವಂತೆ ಬರೆದದ್ದಕ್ಕೆ ಕನ್ನಡದ ನೋಟುಬುಕ್ಕಿನಲ್ಲಿ ಕೆಂಪು ಗೆರೆ ಹಾಕಿಸಿಕೊಂಡು ಬಂದ ಮಗಳಿಗೆ ಇದನ್ನು ಹೇಳಿದಾಗ ಅವಳು ಕೇಳಿದ್ದು: “ಅವರ ಸರ್ ಗೆರಿ ಹೊಡಿಲಿಲ್ಲೇನ?” ಪರೀಕ್ಷೆಯ ಭಾಷೆ ಬೇರೆ, ಮನೆಯ ಭಾಷೆ ಬೇರೆ, ಎರಡೂ ಬೇಕು ಎಂದು ತಾಯಿ ಸಮಾಧಾನ ಹೇಳಿದಳು. ಗೋಕಾಕ ಸೀಮೆಗೆ ಬರೆಯುವವರ ಕೊರತೆ ಇಲ್ಲ. ‘ಆನಂದಕಂದ’ ಬೆಟಗೇರಿ ಕೃಷ್ಣಶರ್ಮರು ಬೆಟಗೇರಿಯವರು, ಕಾದಂಬರಿಕಾರ ಬಸವರಾಜ ಕಟ್ಟೀಮನಿ ಮಲಾಮರಡಿಯವರು. ಎರಡೂ ಈ ಸೀಮೆಯ ಹಳ್ಳಿಗಳೇ.

ಗೋಕಾಕ ಫಾಲ್ಸ್‌ನಲ್ಲಿ ಎಲ್ಲರೂ ಇಳಿದರು. ಮುಂದಿನ ಬಸ್ಸಿಗೆ ಹೋದರಾಯಿತೆಂದು ತಂದೆಯ ಲೆಕ್ಕ. ಮೇಲೆ ಮಳೆ ಚೆನ್ನಾಗಿ ಆಗಿದ್ದರಿಂದ ಘಟಪ್ರಭೆ ಕೆಂಪುಮಣ್ಣಿನ ಬಣ್ಣದಲ್ಲಿ, ಕುದುರೆಲಾಳದ ಆಕಾರದ ಬಂಡೆಯಂಚಿನಿಂದ ಧುಮುಕುತ್ತಿತ್ತು. ಎತ್ತರ ಸುಮಾರು 52 ಮೀಟರು, ಹಳೆಯ ಲೆಕ್ಕದಲ್ಲಿ 170 ಅಡಿ. ಎತ್ತರದಲ್ಲಿ ನಯಾಗರಕ್ಕೆ ಹೆಚ್ಚುಕಡಿಮೆ ಸಮ. ನೀರಿನ ಪ್ರಮಾಣದಲ್ಲಿ ಮಾತ್ರ ಹೋಲಿಕೆ ಬೇಡ. ದಂಡೆಯಲ್ಲಿ ಚಾಲುಕ್ಯ ಶೈಲಿಯ ಮಹಾಲಿಂಗೇಶ್ವರ ಗುಡಿ. ನದಿಯ ಮೇಲೆ ಸುಮಾರು 200 ಮೀಟರ್ ಉದ್ದದ ತೂಗುಸೇತುವೆ. ಅದನ್ನು ತಂದೆ ದೂರದಿಂದಲೇ ತೋರಿಸಿದ. ಐದು ವರ್ಷದ ಹುಡುಗನ ಕೈ ಒಂದು ಕ್ಷಣವೂ ಬಿಡಬಾರದ ಜಾಗ ಇದು. ಬಂಡೆ ಜಾರುತ್ತದೆ, ಫೋಟೋ ತೆಗೆಯಲು ಹಿಂದೆ ಸರಿಯುವವರಿಗೆ ಅಂಚು ಕಾಣುವುದಿಲ್ಲ.

ಗಿರಣಿಯ ಕಡೆ ಕೈ ತೋರಿಸಿ ತಂದೆ ತನ್ನ ತಂದೆಯ ಮಾತು ತೆಗೆದ. ಮಕ್ಕಳ ಮುತ್ಯಾ ಈ ನೂಲಿನ ಗಿರಣಿಯಲ್ಲಿ ದುಡಿದವನು. 1885ರಲ್ಲಿ ಸ್ಥಾಪನೆಯಾದ ಕಂಪನಿಯ ಹೆಸರಿನಲ್ಲಿಯೇ ‘ವಾಟರ್ ಪವರ್’ ಎಂಬ ಶಬ್ದವಿತ್ತು. ಬೀಳುವ ನೀರಿನ ಬಲದಿಂದ ಯಂತ್ರ ತಿರುಗಿಸುವುದೇ ಉದ್ದೇಶ. 1887ರಲ್ಲಿ ಇಲ್ಲಿ ನೀರಿನಿಂದ ವಿದ್ಯುತ್ತನ್ನೂ ತೆಗೆದರು ಎನ್ನುತ್ತಾರೆ. ಶಿವನಸಮುದ್ರದ ಕೇಂದ್ರ ಶುರುವಾದದ್ದು 1902ರಲ್ಲಿ.

“ಇಷ್ಟ ಮ್ಯಾಲಿಂದ ಬಿದ್ರ ನೀರ ಕಾಯ್ತತೇನಪ್ಪಾ?” ಎಂದು ಹುಡುಗಿ ಕೇಳಿದಳು. ತಂದೆ ನಕ್ಕ. ನಗಬಾರದಿತ್ತು, ಪ್ರಶ್ನೆ ಬಹಳ ಒಳ್ಳೆಯದು. ಜೇಮ್ಸ್ ಜೂಲ್ ಎಂಬ ವಿಜ್ಞಾನಿ 1847ರಲ್ಲಿ ಮದುವೆಯಾಗಿ ಹೆಂಡತಿಯೊಡನೆ ಆಲ್ಪ್ಸ್ ಪರ್ವತದ ಕಡೆ ಪ್ರವಾಸ ಹೋದಾಗಲೂ ಉಷ್ಣಮಾಪಕ ಹಿಡಿದು ಜಲಪಾತದ ಮೇಲಿನ ಮತ್ತು ಕೆಳಗಿನ ನೀರಿನ ಉಷ್ಣತೆ ಅಳೆಯಲು ನೋಡಿದನೆಂಬ ಕಥೆ ಇದೆ. ವಿದ್ಯಾರ್ಥಿಗಳು ಲೆಕ್ಕ ಹಾಕಬಹುದು. ಒಂದು ಕಿಲೋ ನೀರು 52 ಮೀಟರ್ ಬಿದ್ದರೆ ಬಿಡುಗಡೆಯಾಗುವ ಶಕ್ತಿ ಸುಮಾರು 510 ಜೂಲ್. ಅದೇ ನೀರನ್ನು ಒಂದು ಡಿಗ್ರಿ ಸೆಲ್ಸಿಯಸ್ ಬಿಸಿ ಮಾಡಲು ಬೇಕಾದದ್ದು ಸುಮಾರು 4,186 ಜೂಲ್. ಎಲ್ಲ ಶಕ್ತಿಯೂ ಶಾಖವಾದರೆ ಏರುವುದು ಡಿಗ್ರಿಯ ಎಂಟನೆಯ ಒಂದು ಪಾಲು. ಗಾಳಿ ಮತ್ತು ತುಂತುರಿನ ನಡುವೆ ಅಷ್ಟನ್ನು ಅಳೆಯುವುದು ಆಗದ ಮಾತು. ಆದರೂ ಆ ಹುಡುಗಿಯ ಅಂದಾಜು ಸರಿ.

ಗೋಕಾಕ ಪೇಟೆ ಅಲ್ಲಿಂದ ಐದಾರು ಕಿಲೋಮೀಟರು. ಗೋಕಾಕ ಎಂದಕೂಡಲೇ ಬಾಯಿಗೆ ಕರದಂಟು ಬರಬೇಕು. ಅಂಟು, ಬೆಲ್ಲ, ಒಣಕೊಬ್ಬರಿ, ಗೋಡಂಬಿ. ಅಂಟನ್ನು ತುಪ್ಪದಲ್ಲಿ ಕರಿದಾಗ ಅದರೊಳಗಿನ ತೇವ ಆವಿಯಾಗಿ ಹರಳು ಅರಳುತ್ತದೆ. ಕರಿದ ಅಂಟು, ಕರದಂಟು. ಆಯಿಗೆಂದು ಅರ್ಧ ಕಿಲೋ ಕಟ್ಟಿಸಿದರು. ಆಯಿಗೆ ಹಲ್ಲಿಲ್ಲ ಎಂಬುದು ದುಡ್ಡು ಕೊಟ್ಟ ಮೇಲೆ ನೆನಪಾಯಿತು. ಗೋಕಾಕದ ಕಟ್ಟಿಗೆಯ ಗೊಂಬೆಗಳೂ ಪ್ರಸಿದ್ಧ, ಅದರಲ್ಲೂ ಬಣ್ಣದ ಹಣ್ಣು ತರಕಾರಿ. ಮಾಡುವ ಮನೆಗಳು ಈಗ ಕಡಿಮೆ. ಹುಡುಕಿ ಒಂದು ಬಾಳೆಹಣ್ಣು ಕೊಡಿಸಿದರೆ ಮಗ ಸುಲಿಯಲು ನೋಡಿ, ಆಗದೆ ಕಚ್ಚಿಬಿಟ್ಟ. ಕಸುಬುದಾರನಿಗೆ ಇದಕ್ಕಿಂತ ದೊಡ್ಡ ಪ್ರಶಸ್ತಿ ಬೇಡ.

ಬಸ್ಸಿಗೆ ಕಾಯುವಾಗ ಹುಡುಗಿ ಗೋಕಾಕ ಚಳವಳಿ ಈ ಊರಿನಲ್ಲಿ ಆಯಿತೇ ಎಂದಳು. ಹೆಸರು ವಿ.ಕೃ. ಗೋಕಾಕರದು. ಅವರು ಹುಟ್ಟಿದ್ದು ಸವಣೂರಿನಲ್ಲಿ, 1909ರಲ್ಲಿ. ಶಾಲೆಯಲ್ಲಿ ಕನ್ನಡದ ಸ್ಥಾನ ಕುರಿತು ಅವರ ಸಮಿತಿ 1981ರಲ್ಲಿ ವರದಿ ಕೊಟ್ಟಿತು. ಅದು ಜಾರಿಯಾಗಲೆಂದು 1982ರಲ್ಲಿ ರಾಜ್ಯವೆಲ್ಲ ಎದ್ದಿತು, ಡಾ. ರಾಜ್‌ಕುಮಾರ್ ಮುಂದೆ ನಿಂತರು. ಮಗಳನ್ನು ಇಂಗ್ಲಿಷ್ ಮಾಧ್ಯಮಕ್ಕೆ ಹಾಕಿದ ತಂದೆ ಇದನ್ನು ಹೇಳುವಾಗ ಸ್ವಲ್ಪ ಅತ್ತಿತ್ತ ನೋಡಿದ. ಅವನನ್ನು ದೂರುವುದು ಸುಲಭ. ಆದರೆ ತನಗೆ ಅರ್ಜಿ ಬರೆಯಲು ಬಾರದ ಭಾಷೆ ಮಗಳಿಗೆ ಬರಲಿ ಎನ್ನುವವನ ಸಂಕಟ ದೂರುವವರಿಗೆ ಗೊತ್ತಿರುವುದಿಲ್ಲ.

ಗೋಕಾಕದಿಂದ ಬೇರೆಯಾಗಿ 2018ರಲ್ಲಿ ತಾಲ್ಲೂಕಾದದ್ದು ಮೂಡಲಗಿ. ಅಲ್ಲಿ ಬಸ್ಸು ಬದಲಿಸಿ ಆಯಿಯ ಊರು ಮುಟ್ಟುವಾಗ ಮಧ್ಯಾಹ್ನ. ಆಯಿ ಅಂಗಳದಲ್ಲಿಯೇ ಕೂತಿದ್ದಳು. ಬಂದವರ ನೆರಳು ಕಂಡು, “ಯಾರ? ನಮ್ಮ ಕೂಸೇನ?” ಎಂದಳು. ಊಟವಾದ ಮೇಲೆ ಟ್ರಂಕು ತೆಗೆಸಿ ಒಂದು ಗಂಟು ಬಿಚ್ಚಿದಳು. ಮುತ್ಯಾ ಪಗಾರದ ದಿನ ಕೊಂಡು ತಂದಿದ್ದ ಚಂದಮಾಮಗಳು. ಕನ್ನಡದಲ್ಲಿ 1949ರಲ್ಲಿ ಶುರುವಾದ ಆ ಮಾಸಪತ್ರಿಕೆ ನಿಂತು ಹತ್ತು ವರ್ಷದ ಮೇಲಾಯಿತು. ಆಯಿಗೆ ಓದಲು ಬಾರದು. ಮುತ್ಯಾ ಓದುತ್ತಿದ್ದ, ಅವಳು ರೊಟ್ಟಿ ಬಡಿಯುತ್ತ ಕೇಳುತ್ತಿದ್ದಳು. ಅವನು ಹೋದ ಮೇಲೆ ಓದುವವರಿಲ್ಲ.

ಗಂಟು ನೀರು ಕುಡಿದು ಉಬ್ಬಿದೆ. 2019ರ ಆಗಸ್ಟಿನಲ್ಲಿ ಹಿಡಕಲ್‌ನಿಂದ ಬಿಟ್ಟ ನೀರಿಗೆ ಹಿರಣ್ಯಕೇಶಿ, ಮಾರ್ಕಂಡೇಯ ನದಿಗಳದೂ ಸೇರಿ ಘಟಪ್ರಭೆ ಗೋಕಾಕ ಪಟ್ಟಣಕ್ಕೂ ದಂಡೆಯ ಹಳ್ಳಿಗಳಿಗೂ ನುಗ್ಗಿತು. ಈ ಮನೆಯಲ್ಲಿ ಎದೆಮಟ್ಟ. ಜನ ದನ ಉಳಿದದ್ದೇ ದೊಡ್ಡದು, ಪುಸ್ತಕದ ಮಾತು ಯಾರೆತ್ತುತ್ತಾರೆ? ವಾರದ ಮೇಲೆ ಬಂದು ಆಯಿ ಒಂದೊಂದೇ ಚಂದಮಾಮ ಹಂಚಿನ ಕೆಳಗೆ ಹಗ್ಗಕ್ಕೆ ತೂಗುಹಾಕಿದಳು. ಬಹುಪಾಲು ಉಳಿದವು. ಅದೇ ಮನೆಯಲ್ಲಿದ್ದ, ದುಬಾರಿ ಬೆಲೆಯ, ಹೊಳೆಯುವ ಕಾಗದದ ಚಿತ್ರಕೋಶ ಮಾತ್ರ ಇಟ್ಟಂಗಿಯಾಯಿತು. ಹೊಳಪಿನ ಕಾಗದಕ್ಕೆ ನಯವಾದ ಬಿಳಿಮಣ್ಣು, ಅಂಟು ಸವರಿರುತ್ತಾರೆ. ನೆನೆದಾಗ ಅಂಟು ಕರಗಿ, ಒಣಗುವಾಗ ಪುಟಕ್ಕೆ ಪುಟ ಹಿಡಿದುಕೊಳ್ಳುತ್ತದೆ. ಅಗ್ಗದ ಒರಟು ಕಾಗದಕ್ಕೆ ಆ ತೊಂದರೆ ಕಡಿಮೆ. ಪುಸ್ತಕ ನೆನೆದರೆ ಬಿಸಿಲಿಗೆ ಹಾಕದೆ, ಪುಟಗಳ ನಡುವೆ ಹಳೆಯ ಪತ್ರಿಕೆ ಇಟ್ಟು ಗಾಳಿಗೆ ಒಣಗಿಸಬೇಕು. ಹೊಳಪಿನ ಪುಟಗಳನ್ನು ಹಸಿ ಇರುವಾಗಲೇ ಬಿಡಿಸಬೇಕು. 1966ರ ನವೆಂಬರಿನಲ್ಲಿ ಇಟಲಿಯ ಫ್ಲಾರೆನ್ಸ್ ನಗರದ ಗ್ರಂಥಾಲಯಕ್ಕೆ ಆರ್ನೊ ನದಿ ನುಗ್ಗಿದಾಗ ದೇಶ ದೇಶದ ವಿದ್ಯಾರ್ಥಿಗಳು ಹೋಗಿ ಕೆಸರಿನಿಂದ ಪುಸ್ತಕ ಎತ್ತಿ ಒಣಗಿಸಿದರು. ಆಯಿ ಒಬ್ಬಳೇ ಮಾಡಿದಳು.

“ಬೇತಾಳಂದ ಓದ ಯವ್ವಾ” ಎಂದಳು ಆಯಿ. ಹುಡುಗಿ ಕೂತಳು. ಒಂದು ವಾಕ್ಯಕ್ಕೆ ಮೂರು ನಿಲ್ದಾಣ. ‘ವಿಕ್ರಮಾರ್ಕ’ನ ಬಳಿ ಎರಡು ಸಲ ಮುಗ್ಗರಿಸಿದಳು. ತಂದೆ ತಿದ್ದಲು ಬಾಯಿ ತೆರೆದ. ತಾಯಿ ಅವನ ಕೈ ಒತ್ತಿದಳು. ಎರಡನೆಯ ಪುಟಕ್ಕೆ ಓಟ ಸ್ವಲ್ಪ ಸರಾಗವಾಯಿತು, ಯಾಕೆಂದರೆ ಮುಂದೇನೆಂದು ಅವಳಿಗೇ ತಿಳಿಯಬೇಕಿತ್ತು. ಅರಿಯದ ಶಬ್ದ ಬಂದಲ್ಲಿ ಆಯಿ ಕತ್ತಲೆಯಲ್ಲಿಯೇ ಅರ್ಥ ಹೇಳಿದಳು. ಮೂರನೆಯ ಪುಟದ ಕೊನೆಗೆ ಬೇತಾಳ ತನ್ನ ಪ್ರಶ್ನೆ ಹಾಕಿತು. ಗೊತ್ತಿದ್ದೂ ಹೇಳದಿದ್ದರೆ ರಾಜನ ತಲೆ ಸಿಡಿದುಹೋಗುತ್ತದೆ ಎಂದಿತು.

ಮುಂದಿನ ಪುಟ ಇಲ್ಲ. ಹೊಳೆ ಒಯ್ದಿತ್ತು.

ಹುಡುಗಿ ಪುಟ ತಿರುವಿ ಮುರುವಿ ನೋಡಿದಳು. ನಂತರ ರಾಜ ಹೇಳಬೇಕಾದ ಉತ್ತರವನ್ನು ತಾನೇ ಹೇಳಿದಳು, ಮನೆಯ ಮಾತಿನಲ್ಲಿ. ಆಯಿ ಒಪ್ಪಲಿಲ್ಲ, ಮುತ್ಯಾ ಓದಿದಾಗ ಹಾಗಿರಲಿಲ್ಲ ಎಂದಳು. ಹೇಗಿತ್ತೆಂದರೆ ಅವಳಿಗೂ ಪೂರ್ತಿ ನೆನಪಿಲ್ಲ. ಇಬ್ಬರಿಗೂ ವಾದ ಹತ್ತಿತು. ಸಂಜೆ ಬಸ್ಸಿನ ಹೊತ್ತಾದರೂ ಮುಗಿಯಲಿಲ್ಲ. ತಾಯಿ ಆ ಸಂಚಿಕೆಯನ್ನೇ ಕೈಚೀಲಕ್ಕೆ ಹಾಕಿಕೊಂಡಳು. ಕಣ್ಣಿನ ಪಟ್ಟಿ ಬಿಚ್ಚುವ ದಿನ ಬಂದು ಮುಗಿಸುವುದೆಂದು ಮಾತಾಯಿತು.

ಬಸ್ಸಿನಲ್ಲಿ ಮಗ ಮಾತ್ರ ಸುಮ್ಮನಿದ್ದ. ಒಂದು ಕೈಯಲ್ಲಿ ಕಟ್ಟಿಗೆಯ ಬಾಳೆಹಣ್ಣು, ಇನ್ನೊಂದು ಕೈಯಿಂದ ತನ್ನ ತಲೆಯನ್ನು ಸುತ್ತಲೂ ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದ.

“ಅವ್ವಾ,” ಎಂದ ಕೊನೆಗೆ, “ನನಗ ಉತ್ತರ ಗೊತ್ತಿಲ್ಲ. ಖರೇನ ಗೊತ್ತಿಲ್ಲ.”