ಬಿಸ್ಕತ್ತಿನ ಡಬ್ಬಿಯ ಲೆಕ್ಕ

ವರ್ಷ ತುಂಬಿದ ಮಗುವಿಗೆ ಏನು ಊಟ ಹಾಕಬೇಕು ಎಂದು ಯಾರಾದರೂ ಕೇಳಿದ್ದರೆ, ಕಳೆದ ವರ್ಷದವರೆಗೂ ನಾನು ‘ಹಾಲಿದ್ದರೆ ಸಾಕಲ್ಲ’ ಎನ್ನುತ್ತಿದ್ದೆ. 36 ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನಿಗೆ ಅಡುಗೆಮನೆಯ ಲೆಕ್ಕ ಎಲ್ಲಿಂದ ಬರಬೇಕು? ಮೊಮ್ಮಗನಿಗೆ (ಅವನೀಗ ಐದನೇ ಕ್ಲಾಸು) ತುತ್ತು ಮಾಡಿ ತಿನ್ನಿಸಿ ಬೆಳೆಸಿದವಳು ನನ್ನ ಹೆಂಡತಿ. ಅವಳು ತೀರಿಕೊಂಡು ನಾಲ್ಕು ವರ್ಷವಾಯಿತು. ಅವನ ತಂಗಿ ಹುಟ್ಟಿದ ಮೇಲೆ, ರಜೆ ಮುಗಿದು ಮಗಳು ಕೆಲಸಕ್ಕೆ ಹೊರಟಾಗ, ‘ಹಗಲು ನಾನು ನೋಡಿಕೊಳ್ಳುತ್ತೇನೆ, ನೀನು ಹೋಗಮ್ಮ’ ಎಂದು ಧೈರ್ಯ ಹೇಳಿದವನು ನಾನೇ.

ತುಮಕೂರಿನ ನಮ್ಮ ಮನೆಯಲ್ಲಿ ಹಗಲು ಹೊತ್ತು ನಾನು ಮತ್ತು ಪುಟ್ಟಿ ಇಬ್ಬರೇ. ಮಗಳು ಬೆಳಿಗ್ಗೆ ಅನ್ನ, ಬೇಳೆ, ತರಕಾರಿ ಬೇಯಿಸಿ ಡಬ್ಬಿಯಲ್ಲಿ ಇಟ್ಟು ಹೋಗುತ್ತಿದ್ದಳು. ಪುಟ್ಟಿ ಎರಡು ತುತ್ತು ತಿಂದು ಬಾಯಿ ಬಿಗಿ ಹಿಡಿಯುತ್ತಿದ್ದಳು. ಮೂರನೆಯ ತುತ್ತಿಗೆ ಅಳು. ಅಳು ಕೇಳಿದರೆ ನನ್ನ ಕೈಕಾಲು ಆಡುತ್ತಿರಲಿಲ್ಲ. ಬಾಟಲಿಯಲ್ಲಿ ಹಾಲು ಕೊಟ್ಟರೆ ಸುಮ್ಮನಾಗುತ್ತಿದ್ದಳು. ಅದಕ್ಕೂ ಬಗ್ಗದಿದ್ದರೆ ಬಿಸ್ಕತ್ತು, ಅದನ್ನೂ ನನ್ನ ಕಾಫಿಯಲ್ಲಿ ಅದ್ದಿ ಮೆತ್ತಗೆ ಮಾಡಿ. ಉಳಿದ ಅನ್ನ ಬೀದಿನಾಯಿಗೆ. ಸಂಜೆ ಮಗಳು ಬಂದು ಖಾಲಿ ಡಬ್ಬಿ ನೋಡಿ, ‘ಎಲ್ಲಾ ತಿಂದುಬಿಟ್ಟಳಾ ಅಪ್ಪಾ!’ ಎಂದು ಖುಷಿಪಡುತ್ತಿದ್ದಳು. ನಾನು ಹ್ಞೂಂ ಎನ್ನುತ್ತಿದ್ದೆ.

ಹೀಗೆ ಮೂರು ತಿಂಗಳು. ಪುಟ್ಟಿ ನೋಡಲು ದುಂಡಗೇ ಇದ್ದಳು. ಆದರೆ ಮುಖ ಬಿಳಿಚಿಕೊಂಡಿತ್ತು, ಆಟ ಕಡಿಮೆಯಾಗಿತ್ತು. ಗೋಡೆಯ ಸುಣ್ಣ ಕೆರೆದು ನೆಕ್ಕುತ್ತಿದ್ದಳು. ಮಕ್ಕಳಾಟ ಎಂದುಕೊಂಡೆ. ಒಂದು ಶನಿವಾರ ಎಲ್ಲರೂ ಡಾಕ್ಟರ ಹತ್ತಿರ ಹೋದೆವು. ಮಗುವಿನ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ ಅವರು ಕೇಳಿದರು, ‘ಹಗಲು ಏನು ತಿನ್ನುತ್ತಾಳೆ?’

‘ಎಲ್ಲಾ ತಿನ್ನುತ್ತಾಳೆ’ ಎಂದೆ.

ಪಕ್ಕದಲ್ಲಿ ನಿಂತಿದ್ದ ಮೊಮ್ಮಗ, ‘ಇಲ್ಲ ಡಾಕ್ಟ್ರೇ, ಬಿಸ್ಕತ್ತು ಮಾತ್ರ. ನಾನು ಸ್ಕೂಲಿಂದ ಬರುವಷ್ಟರಲ್ಲಿ ಡಬ್ಬಿ ಖಾಲಿ ಆಗಿರುತ್ತೆ, ನನಗೆ ಒಂದೂ ಉಳಿದಿರಲ್ಲ’ ಎಂದುಬಿಟ್ಟ.

ರಕ್ತಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 8.6 ಬಂತು. ಡಾಕ್ಟರು ಬೈಯಲಿಲ್ಲ. ಹಸುವಿನ ಹಾಲಿನಲ್ಲಿ ಕಬ್ಬಿಣದ ಅಂಶ ಬಹಳ ಕಡಿಮೆ, ಹಾಲಿನಲ್ಲೇ ಹೊಟ್ಟೆ ತುಂಬಿದ ಮಗುವಿಗೆ ಊಟದ ಹಸಿವೆಯೇ ಆಗುವುದಿಲ್ಲ, ಕಾಫಿ ಟೀ ಬೇರೆ ಊಟದಲ್ಲಿರುವ ಕಬ್ಬಿಣವನ್ನು ಮೈಗೆ ಹತ್ತಲು ಬಿಡುವುದಿಲ್ಲ, ಸುಣ್ಣ ಮಣ್ಣು ತಿನ್ನುವುದು ಎಷ್ಟೋ ಸಲ ರಕ್ತಹೀನತೆಯ ಗುರುತು, ಎಂದು ತಿಳಿಸಿ ಹೇಳಿದರು. ದಿನಕ್ಕೆ ಅರ್ಧ ಲೀಟರಿಗಿಂತ ಹೆಚ್ಚು ಹಾಲು ಬೇಡ, ಅದೂ ಬಾಟಲಿಯಲ್ಲಲ್ಲ, ಲೋಟದಲ್ಲಿ. ಕಬ್ಬಿಣದ ಹನಿ ಬರೆದುಕೊಟ್ಟರು. ಅದನ್ನು ಹಾಲಿನ ಜೊತೆ ಹಾಕಬಾರದು, ಮಲ ಕಪ್ಪಗಾದರೆ ಹೆದರಬಾರದು ಎಂದೂ ಹೇಳಿ ಕಳಿಸಿದರು.

ಆಟೋದಲ್ಲಿ ಯಾರೂ ಮಾತಾಡಲಿಲ್ಲ. ರಾತ್ರಿ ಮಕ್ಕಳು ಮಲಗಿದ ಮೇಲೆ ಮಗಳ ಹತ್ತಿರ ಹೋಗಿ, ‘ದಿನಾ ಡಬ್ಬಿ ಖಾಲಿ ಮಾಡಿದ್ದು ನಾಯಿ ಕಣಮ್ಮ’ ಎಂದೆ. ಅವಳು ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ, ‘ತಿನ್ನಲಿಲ್ಲ ಅಂತ ಹೇಳಿದ್ದರೆ ಸಾಕಿತ್ತಪ್ಪಾ’ ಎಂದಳು. ಅಷ್ಟೇ. ಬ್ಯಾಂಕಿನಲ್ಲಿ ಸಂಜೆ ಲೆಕ್ಕ ತಾಳೆಯಾಗದಿದ್ದರೆ ರಾತ್ರಿ ಹತ್ತಾದರೂ ಮನೆಗೆ ಹೋಗದೆ ಕೂತು ಹುಡುಕಿದವನು ನಾನು. ಮನೆಯಲ್ಲಿ ಮೂರು ತಿಂಗಳು ಸುಳ್ಳು ಲೆಕ್ಕ ಬರೆದಿದ್ದೆ.

ಮಾರನೆಯ ದಿನವೇ ಹಳೆಯ ಡೈರಿಯೊಂದನ್ನು ತೆಗೆದು ಪುಟ್ಟಿ ತಿಂದದ್ದನ್ನು ತಿಂದಷ್ಟೇ ಬರೆಯತೊಡಗಿದೆ. ಒಲೆ ಹಚ್ಚುವುದನ್ನೂ ಕಲಿತೆ, 73ರಲ್ಲಿ!

ಮೊದಲು ಕಲಿತದ್ದು ರಾಗಿ ಸರಿ. ನಮ್ಮ ಬೀದಿಯ ಅಜ್ಜಿಯೊಬ್ಬರು ಹೇಳಿಕೊಟ್ಟರು. ರಾಗಿಯನ್ನು ಕಲ್ಲು ಮಣ್ಣು ಹೋಗುವಂತೆ ನಾಲ್ಕೈದು ನೀರಿನಲ್ಲಿ ತೊಳೆದು ರಾತ್ರಿ ನೆನೆಹಾಕಬೇಕು. ಬೆಳಿಗ್ಗೆ ನೀರು ಬಸಿದು ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ ಇಟ್ಟು, ಆಗಾಗ ನೀರು ಚಿಮುಕಿಸುತ್ತಿದ್ದರೆ ಒಂದೆರಡು ದಿನದಲ್ಲಿ ಬಿಳಿ ಮೊಳಕೆ ಬಟ್ಟೆಯ ಹೊರಗೇ ಇಣುಕುತ್ತದೆ. (ನಾನು ಮೊದಲ ಸಲ ಮೂರು ದಿನ ಬಿಟ್ಟು ಹುಳಿ ವಾಸನೆ ಬರಿಸಿದೆ, ಎಸೆಯಬೇಕಾಯಿತು.) ಮೊಳಕೆಯನ್ನು ನೆರಳಿನಲ್ಲಿ ಗರಿಗರಿಯಾಗುವಂತೆ ಒಣಗಿಸಿ, ಘಮ್ಮೆನ್ನುವಷ್ಟು ಮಾತ್ರ ಹುರಿದು, ಪುಡಿ ಮಾಡಿ, ಬಟ್ಟೆಯಲ್ಲಿ ಜರಡಿ ಹಿಡಿಯಬೇಕು. ಎರಡು ಚಮಚ ಹಿಟ್ಟನ್ನು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿ, ಒಲೆಯ ಮೇಲೆ ಕೈಬಿಡದೆ ತಿರುವುತ್ತ ಬೇಯಿಸಿ, ಅರ್ಧ ಬಾಳೆಹಣ್ಣು ಕಿವುಚಿ ಹಾಕಿದರೆ ಬೆಳಗಿನ ತಿಂಡಿ ಆಯಿತು.

ಮೊಳಕೆ ಬರಿಸುವುದು ಯಾಕೆ ಗೊತ್ತೇ ಮಕ್ಕಳೇ? ಮೊಳಕೆಯೊಡೆದ ಕಾಳಿನಲ್ಲಿ ಪಿಷ್ಟವನ್ನು ಒಡೆಯುವ ಕಿಣ್ವ ಹುಟ್ಟುತ್ತದೆ. ಅದರಿಂದ ಗಂಜಿ ಗಟ್ಟಿಯಾಗದೆ ತೆಳ್ಳಗೇ ಇರುತ್ತದೆ, ಅಂದರೆ ಅದೇ ಬಟ್ಟಲಿನಲ್ಲಿ ಹೆಚ್ಚು ಹಿಟ್ಟು ಹಿಡಿಸುತ್ತದೆ. ರಾಗಿಯಲ್ಲಿರುವ ಕಬ್ಬಿಣವೂ ಮೈಗೆ ಚೆನ್ನಾಗಿ ಹತ್ತುತ್ತದೆ. ಇನ್ನು ಕ್ಯಾಲ್ಸಿಯಂ ಲೆಕ್ಕಕ್ಕೆ ಬಂದರೆ, 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಇದೆ. ಅಕ್ಕಿ, ಗೋಧಿ ಅದರ ಹತ್ತಿರಕ್ಕೂ ಬರುವುದಿಲ್ಲ.

ಮಧ್ಯಾಹ್ನಕ್ಕೆ ಮೆತ್ತಗಿನ ಅನ್ನ, ಬೇಳೆ. ಇಲ್ಲಿ ನನ್ನಂಥ ಅಜ್ಜಂದಿರು ಮಾಡುವ ತಪ್ಪೊಂದಿದೆ: ಮಗುವಿಗೆ ಹಗುರ ಎಂದು ಬೇಳೆಯ ಕಟ್ಟು ಮಾತ್ರ ಹಾಕುವುದು. ಕಟ್ಟಿನಲ್ಲಿ ನೀರೇ ಹೆಚ್ಚು, ಸತ್ವವೆಲ್ಲ ತಳದಲ್ಲಿರುವ ಬೇಳೆಯಲ್ಲಿ. ಅದನ್ನೇ ಮಸೆದು ಹಾಕಬೇಕು. ಜೊತೆಗೆ ದಂಟಿನ ಸೊಪ್ಪೋ ನುಗ್ಗೆಸೊಪ್ಪೋ ನುಣ್ಣಗೆ ಬೇಯಿಸಿದ್ದು, ಒಂದು ಚಮಚ ತುಪ್ಪ, ಮೇಲೆ ನಾಲ್ಕು ಹನಿ ನಿಂಬೆರಸ. ಸೊಪ್ಪಿನ ಕಬ್ಬಿಣ ಮೈಗೆ ಹತ್ತಲು ಹುಳಿ ಬೇಕು. ಅವರೆಕಾಯಿ ಕಾಲದಲ್ಲಿ ಹಿತಕಿದ ಬೇಳೆ ಅವಳಿಗೆ ಎಷ್ಟು ಇಷ್ಟವಾಯಿತೆಂದರೆ, ಸಿಪ್ಪೆ ಹಿತುಕಿ ಹಿತುಕಿ ನನ್ನ ಹೆಬ್ಬೆರಳು ಊದಿಕೊಂಡಿತು.

ನಮ್ಮ ಮನೆಗೆ ಎಂದೂ ಮೊಟ್ಟೆ ಬಂದಿರಲಿಲ್ಲ. ಡಾಕ್ಟರು ಮೊಟ್ಟೆ ಎಂದಾಗ ಮಗಳು ನನ್ನ ಮುಖ ನೋಡಿದ್ದಳು. ವಾರವೆಲ್ಲ ಯೋಚಿಸಿ ನಾನೇ ಅಂಗಡಿಗೆ ಹೋಗಿ ನಾಲ್ಕು ಮೊಟ್ಟೆ ತಂದೆ. ನಾನು ತಿನ್ನುವುದಿಲ್ಲ, ಆ ಪಾತ್ರೆ ಬೇರೆ. ಮಗು ತಿನ್ನಲಿ. ಬೇಡವೆನ್ನುವ ಮನೆಯವರು ಬೇಳೆಕಾಳನ್ನೇ ಎರಡು ಹೊತ್ತು ಹಾಕಲಿ.

ತಿನ್ನಿಸುವುದನ್ನೂ ಹೊಸದಾಗಿ ಕಲಿಯಬೇಕಾಯಿತು. ಮೊದಲ ಎರಡು ವಾರ ದೊಡ್ಡ ಯುದ್ಧ. ಹಾಲಿನ ಬಾಟಲಿ ಎಲ್ಲಿ ಎಂದು ಮನೆಯೆಲ್ಲ ಹುಡುಕಿ ಅತ್ತಳು. ಬಟ್ಟಲು ಹಿಡಿದು ಅವಳ ಹಿಂದೆ ಓಡುವುದನ್ನು ಬಿಟ್ಟೆ. ನಾನೂ ತಟ್ಟೆ ಹಾಕಿಕೊಂಡು ಎದುರಿಗೆ ಕೂತು ಊಟ ಮಾಡತೊಡಗಿದೆ. ಅವಳಿಗೊಂದು ಪುಟ್ಟ ತಟ್ಟೆ, ಕೆಳಗೆ ಹಳೆಯ ಪೇಪರು. ಕೂದಲಿಗೆ ಬೇಳೆ, ಕಿವಿಗೆ ಅನ್ನ, ಬಾಯಿಗೆ ಸ್ವಲ್ಪ. ಕುಂಬಳಕಾಯಿಯನ್ನು ಎಂಟು ಸಲ ಉಗಿದಳು, ಡೈರಿಯಲ್ಲಿ ಬರೆದಿದ್ದೇನೆ. ಒಂಬತ್ತನೆಯ ಸಲ ನುಂಗಿದಳು. ಅರ್ಧ ಗಂಟೆ ನೋಡಿ ಸಾಕೆಂದರೆ ತಟ್ಟೆ ಎತ್ತಿಬಿಡುತ್ತೇನೆ, ಒತ್ತಾಯವಿಲ್ಲ. ನಡುವೆ ಬಿಸ್ಕತ್ತು ಹೊಟ್ಟೆ ಸೇರದಿದ್ದರೆ ಮುಂದಿನ ಊಟಕ್ಕೆ ಹಸಿವು ತಾನೇ ಬರುತ್ತದೆ. ರಾತ್ರಿ ತಾಯಿಯ ಹಾಲು ಇನ್ನೂ ಉಂಟು. ಎರಡು ವರ್ಷದವರೆಗೂ ಕೊಡಿ ಎಂದು ಡಾಕ್ಟರೇ ಹೇಳಿದ್ದಾರೆ.

ಅಣ್ಣ ಅಕ್ಕಂದಿರಿಗೆ ಒಂದು ಮಾತು. ನೀವು ತಿನ್ನುವ ಕಡಲೆಕಾಯಿ ಬೀಜ, ಇಡೀ ದ್ರಾಕ್ಷಿ, ಹಸಿ ಕ್ಯಾರೆಟ್ ತುಂಡು ಪ್ರೀತಿಯಿಂದಲೂ ತಮ್ಮ ತಂಗಿಯ ಬಾಯಿಗೆ ಹಾಕಬೇಡಿ. ಗಂಟಲಿಗೆ ಸಿಕ್ಕಿಕೊಂಡರೆ ಉಸಿರು ಕಟ್ಟುತ್ತದೆ. ಕಡಲೆಕಾಯಿ ಬೀಜವನ್ನು ಪುಡಿ ಮಾಡಿ ಗಂಜಿಗೆ ಹಾಕಿ.

ಎರಡು ತಿಂಗಳ ಮೇಲೆ ಮತ್ತೆ ರಕ್ತ ನೋಡಿದಾಗ 10.9 ಇತ್ತು. ಹನಿ ಇನ್ನೂ ಕೆಲವು ತಿಂಗಳು ಮುಂದುವರಿಸಿ ಎಂದರು. ಪುಟ್ಟಿ ಈಗ ಗೋಡೆ ನೆಕ್ಕುವುದಿಲ್ಲ, ಗೋಡೆ ಹಿಡಿಯದೆ ಓಡುತ್ತಾಳೆ.

ಡೈರಿ ಈಗ ಮೊಮ್ಮಗನ ವಶದಲ್ಲಿದೆ. ನನ್ನ ಬರವಣಿಗೆ ನಂಬುವಂತಿಲ್ಲ ಎಂದು ಸಂಜೆ ತಾನೇ ಕೂತು ಬರೆಯುತ್ತಾನೆ. ನಿನ್ನೆಯ ಪುಟದಲ್ಲಿ ‘ಪುಟ್ಟಿ: ಮುದ್ದೆ ಚೂರು, ಬಸ್ಸಾರು, ಪರಂಗಿ ಹಣ್ಣು 4 ತುಂಡು’ ಎಂದಿದೆ. ಕೆಳಗೆ ಕೆಂಪು ಶಾಯಿಯಲ್ಲಿ ‘ಅಜ್ಜ: ಬಿಸ್ಕತ್ತು 2, ಕದ್ದು’.