ಐದು ಗಂಟೆಗೆ ಬಂದವರ ಕೂಲಿ

ಸಾಧಾರಣ ಕಾಲದ 25ನೇ ಭಾನುವಾರ, 'ಎ' ವರ್ಷದ ಶುಭಸಂದೇಶ ಮತ್ತಾಯ 20:1-16. ದ್ರಾಕ್ಷಿತೋಟದ ಕೂಲಿಯಾಳುಗಳ ಸಾಮತಿ. ಮೂರು ವರ್ಷಕ್ಕೊಮ್ಮೆ ಬರುವ ಈ ವಾಚನ 2023ರಲ್ಲಿ ಸೆಪ್ಟೆಂಬರ್ 24ಕ್ಕೆ ಬಂದಿತ್ತು. ಬ್ಯಾಂಕಿನವನಾದ ನನ್ನನ್ನು ಪ್ರತಿ ಸಲವೂ ಕಾಡುವ ಕಥೆ ಇದು.

ಕಥೆ ನಿಮಗೆ ಗೊತ್ತೇ ಇದೆ. ತೋಟದ ಯಜಮಾನ ಬೆಳಗಿನ ಜಾವ, ಆಮೇಲೆ ಒಂಬತ್ತಕ್ಕೆ, ಹನ್ನೆರಡಕ್ಕೆ, ಮೂರಕ್ಕೆ, ಕೊನೆಗೆ ಸಂಜೆ ಐದಕ್ಕೆ ಹೋಗಿ ಆಳುಗಳನ್ನು ಕರೆಯುತ್ತಾನೆ. ಎಲ್ಲರಿಗೂ ಕೂಲಿ ಮಾತ್ರ ಒಂದೇ, ಒಂದು ದಿನಾರಿ. ದಿನವಿಡೀ ಬಿಸಿಲಲ್ಲಿ ದುಡಿದವರು ಗೊಣಗುತ್ತಾರೆ. ನಮ್ಮ ಬ್ಯಾಂಕಿನ ಲೆಕ್ಕವೂ ಅವರ ಪರವೇ. 2010ರ ಏಪ್ರಿಲ್‌ಗೆ ಮುಂಚೆ ಉಳಿತಾಯ ಖಾತೆಗೆ ಬಡ್ಡಿ ಹಾಕುತ್ತಿದ್ದುದು ತಿಂಗಳ 10ರಿಂದ ಕೊನೆಯ ದಿನದವರೆಗಿನ ಕನಿಷ್ಠ ಬ್ಯಾಲೆನ್ಸ್ ಮೇಲೆ. 11ಕ್ಕೆ ಕಟ್ಟಿದ ಹಣಕ್ಕೆ ಆ ತಿಂಗಳು ಒಂದು ಪೈಸೆಯೂ ಇಲ್ಲ! ಈಗ ದಿನದ ಲೆಕ್ಕ. ಎಷ್ಟು ದಿನವೋ ಅಷ್ಟೇ ಬಡ್ಡಿ.

ಆದರೆ ಮುಂಬೈಯ ನಾಕಾಗಳಲ್ಲಿ ಬೆಳಿಗ್ಗೆ ಕೂಲಿಗೆ ನಿಂತವರನ್ನು ನೀವೂ ನೋಡಿರುತ್ತೀರಿ. ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯ ನಮ್ಮವರೂ ಅಲ್ಲಿರುತ್ತಾರೆ. ಕೈಯಲ್ಲಿ ಊಟದ ಡಬ್ಬಿ, ಕಾಲ ಬಳಿ ಸಾಮಾನಿನ ಚೀಲ. ಕಾಂಟ್ರಾಕ್ಟರ್ ಮೊದಲು ಆರಿಸುವುದು ಗಟ್ಟಿಮುಟ್ಟಾದ ಹುಡುಗರನ್ನು. ಹನ್ನೊಂದಾದರೂ ಅಲ್ಲೇ ಉಳಿದವರು ವಯಸ್ಸಾದವರು, ಮೈಯಲ್ಲಿ ಶಕ್ತಿ ಇಲ್ಲದವರು. ಸೋಮಾರಿಗಳಲ್ಲ. ಸಾಮತಿಯಲ್ಲಿ ಐದು ಗಂಟೆಯವರು ಕೊಡುವ ಉತ್ತರವೂ ಇದೇ, ತಮ್ಮನ್ನು ಯಾರೂ ಕರೆಯಲಿಲ್ಲ ಅಂತ.

ದಿನಾರಿ ಅಂದರೆ ಕೂಲಿಯವನ ಒಂದು ದಿನದ ಸಂಪಾದನೆ. ಒಂದು ಗಂಟೆಗೆ ಅದರ ಹನ್ನೆರಡನೇ ಒಂದು ಪಾಲು ಕೊಟ್ಟರೆ ಲೆಕ್ಕ ಸರಿಹೋಗುತ್ತದೆ, ಆದರೆ ಮನೆಯಲ್ಲಿ ಒಲೆ ಹತ್ತುವುದಿಲ್ಲ. ಬಡವನ ಕೂಲಿಯನ್ನು ಸೂರ್ಯ ಮುಳುಗುವ ಮೊದಲೇ ಕೊಡಬೇಕೆಂದು ಧರ್ಮೋಪದೇಶಕಾಂಡದ 24ನೇ ಅಧ್ಯಾಯ ಹೇಳುವುದೂ ಇದಕ್ಕೇ. ಇನ್ನೊಂದು ವಿಷಯ ಗಮನಿಸಿ. ಕೂಲಿ ಹಂಚಲು ಯಜಮಾನನಿಗೆ ಮೇಸ್ತ್ರಿ ಇದ್ದಾನೆ. ಕರೆಯಲು ಮಾತ್ರ ಐದು ಸಲವೂ ತಾನೇ ಹೋಗುತ್ತಾನೆ.

ಇದಕ್ಕೆ ಸ್ವಲ್ಪ ಮುಂಚೆ, 19ನೇ ಅಧ್ಯಾಯದಲ್ಲಿ, ಎಲ್ಲ ಬಿಟ್ಟು ಬಂದ ನಮಗೇನು ಸಿಗುತ್ತದೆ ಎಂದು ಪೇತ್ರ ಕೇಳಿರುತ್ತಾನೆ. ನನ್ನಂಥವರ ಪ್ರಶ್ನೆ ಅದು. ಚಿಕ್ಕಂದಿನಿಂದ ಭಾನುವಾರದ ಪೂಜೆ ತಪ್ಪಿಸಿದವನಲ್ಲ ನಾನು. ಊರಿನಲ್ಲಿದ್ದ ನಮ್ಮಣ್ಣ ನಲವತ್ತು ವರ್ಷ ಚರ್ಚಿನ ಮೆಟ್ಟಿಲು ಹತ್ತಲಿಲ್ಲ. ಕೊನೆಗೆ ಆಸ್ಪತ್ರೆಯಲ್ಲಿ ಮಲಗಿದಾಗ ಸ್ವಾಮಿಗಳನ್ನು ಕರೆಸು ಅಂದ. ಪಾಪನಿವೇದನೆ ಮಾಡಿ, ಪರಮಪ್ರಸಾದ ತೆಗೆದುಕೊಂಡ. ಅದೇ ವಾರ ತೀರಿಕೊಂಡ.

"ಇಷ್ಟು ತಡವಾಗಿ ಹೋದ್ರೆ ಒಳಗೆ ಬಿಟ್ಕೋತಾರಾ?" ಅಂತ ಅತ್ತಿಗೆ ಕೇಳಿದರು. ಅವರಿಗೆ ನಾನು ಓದಿ ಹೇಳಿದ್ದು ಈ ಸಾಮತಿಯನ್ನೇ. ಅರ್ಧ ಕೂಲಿ ಕೊಟ್ಟು ಕಳಿಸುವ ಯಜಮಾನ ಅಲ್ಲ ಅತ್ತಿಗೆ ಅವನು, ಅಂದೆ. ಅಣ್ಣನಿಗೂ ನನಗೂ ಕೂಲಿ ಒಂದೇ ಆದರೆ ನನ್ನದರಲ್ಲಿ ಒಂದು ಪೈಸೆಯೂ ಕಡಿಮೆಯಾಗುವುದಿಲ್ಲ. ಅವನಿಲ್ಲದೆ ನನಗೊಬ್ಬನಿಗೇ ಸಿಕ್ಕಿದ್ದರೆ ಅದರಲ್ಲಿ ಏನು ಸುಖ?

ಮುಂದಿನ ಸಲ ಈ ವಾಚನ ಬಂದಾಗ ನೀವೂ ಆ ಐದು ಗಂಟೆಯವರ ಜೊತೆ ನಿಂತು ಕೇಳಿ ನೋಡಿ.